ದೊಡ್ಡ ಮರ, ಚಿಕ್ಕ ಕಾಯಿ

ತೆಂಗಿನ ಮರದ ಬುಡದಲ್ಲಿ ಚಾಪೆ ಹಾಸಿ ಮಲಗಬಾರದು ಎಂಬುದನ್ನು ನಮ್ಮ ತಿಪಟೂರು ಕಡೆ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಕ್ಯಾಲಿಫೋರ್ನಿಯಾದ ಒಣ ಬೆಟ್ಟಗಳಲ್ಲಿ ಇದೇ ಎಚ್ಚರಿಕೆಯನ್ನು ಒಂದು ಪೈನ್ ಮರದ ಬಗ್ಗೆ ಕೊಡುತ್ತಾರೆ. ಕೋಲ್ಟರ್ ಪೈನ್ ಅಂತ ಅದರ ಹೆಸರು. ಅದರ ಕಾಯಿ 20ರಿಂದ 40 ಸೆಂಟಿಮೀಟರ್ ಉದ್ದ. ಹಸಿಯಾಗಿದ್ದಾಗ ತೂಕ ನಾಲ್ಕು-ಐದು ಕಿಲೋ ತನಕ ಹೋಗುತ್ತದೆ. ಪೈನ್ ಜಾತಿಯಲ್ಲಿ ಇದಕ್ಕಿಂತ ಭಾರದ ಕಾಯಿ ಇನ್ನೊಂದಿಲ್ಲ. ಸಾಲದ್ದಕ್ಕೆ ಪ್ರತಿ ಎಸಳಿನ ತುದಿಯಲ್ಲೂ ಹುಲಿಯುಗುರಿನಂಥ ಕೊಕ್ಕೆ. ಮರ ಕಡಿಯುವವರು ಇದಕ್ಕಿಟ್ಟ ಅಡ್ಡಹೆಸರು 'ವಿಡೋಮೇಕರ್'. ನಮ್ಮ ಮಾತಿನಲ್ಲಿ ಹೇಳುವುದಾದರೆ ತಾಳಿ ಕೀಳುವ ಕಾಯಿ.

ನಮ್ಮ ಮಗಳು ಇರುವುದು ಸ್ಯಾನ್ ಹೋಸೆಯಲ್ಲಿ. 2024ರ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಒಂದು ಭಾನುವಾರ ಮೌಂಟ್ ಡಿಯಾಬ್ಲೊ ಬೆಟ್ಟಕ್ಕೆ ಕರೆದುಕೊಂಡು ಹೋದಳು. ಕಾಲುದಾರಿಯ ಪಕ್ಕದಲ್ಲೇ ಒಂದು ಕಾಯಿ ಬಿದ್ದಿತ್ತು. ಕೊಕ್ಕೆ ಚುಚ್ಚದ ಹಾಗೆ ಸೆರಗು ಸುತ್ತಿಕೊಂಡು ಎರಡೂ ಕೈಯಲ್ಲಿ ಎತ್ತಿದೆ. ಒಣಗಿ ಹಗುರಾಗಿದ್ದರೂ ದೊಡ್ಡ ಹಲಸಿನ ಮಿಡಿಯಷ್ಟು ಗಾತ್ರ. ಅಂಟಿನ ಘಾಟು ಮೂಗಿಗೆ ಹೊಡೆಯಿತು. "ಅಮ್ಮ, ಅಲ್ಲೇ ಇಟ್ಟುಬಿಡು, ಇಲ್ಲಿಂದ ಏನೂ ತೊಗೊಂಡು ಹೋಗೋ ಹಾಗಿಲ್ಲ" ಅಂದಳು ಮಗಳು. ಇಟ್ಟುಬಿಟ್ಟೆ. ಆದರೆ ತಲೆಯೊಳಗೆ ಒಂದು ಪ್ರಶ್ನೆ ಉಳಿಯಿತು: ಇಷ್ಟು ದೊಡ್ಡ ಕಾಯಿ ಬಿಡುವ ಈ ಮರ ನೋಡಲು ಸಾಧಾರಣ ಎತ್ತರದ್ದು. ಹಾಗಾದರೆ ಜಗತ್ತಿನ ಅತಿ ದೊಡ್ಡ ಮರಗಳ ಕಾಯಿ ಇನ್ನೆಷ್ಟಿರಬೇಡ?

ನಮಗೇಕೆ ಇಷ್ಟು ಬೆರಗು?

ಪೈನ್ ಕಾಯಿ ಕಂಡರೆ ನಮ್ಮಂಥವರು ಎತ್ತಿಕೊಳ್ಳದೆ ಮುಂದೆ ಹೋಗುವುದಿಲ್ಲ. ದೆಹಲಿಯ ಕನ್ನಡಿಗರ ಮನೆಗಳಲ್ಲಿ ನೋಡಿ, ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಯ ಪಕ್ಕದಲ್ಲಿ ಶಿಮ್ಲಾದಿಂದಲೋ ಮಸ್ಸೂರಿಯಿಂದಲೋ ತಂದ ಒಂದೆರಡು ಪೈನ್ ಕಾಯಿ ಇದ್ದೇ ಇರುತ್ತವೆ. ನಮ್ಮ ಮನೆಯಲ್ಲಿ ಒಂದು ಬೆತ್ತದ ಬುಟ್ಟಿಯೇ ತುಂಬಿದೆ. ಇದಕ್ಕೆ ಒಂದು ಕಾರಣವಿದೆ. ಪೈನ್, ದೇವದಾರುಗಳ ಈ ದೊಡ್ಡ ಬಳಗದಲ್ಲಿ ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವುದು ಒಂದೇ ಒಂದು ಜಾತಿ, ನಗೇಯಾ ವಾಲಿಚಿಯಾನಾ ಎಂಬ ಪಶ್ಚಿಮ ಘಟ್ಟದ ಮರ. ಅದಕ್ಕೂ ಸೂಜಿಯಂಥ ಎಲೆಯಿಲ್ಲ, ಅಗಲವಾದ ಎಲೆ. ಒರಟು ಕಾಯಿಯೂ ಇಲ್ಲ, ಹಣ್ಣಿನಂತೆ ಕಾಣುವ ದುಂಡನೆಯ ಬೀಜ ಅಷ್ಟೆ. ಊಟಿ, ಕೊಡೈಕಾನಲ್‌ಗಳಲ್ಲಿ ಸಿನಿಮಾ ಹಾಡಿಗೆ ಬಳಕೆಯಾದ ಪೈನ್ ಕಾಡುಗಳೆಲ್ಲ ಹೊರಗಿನಿಂದ ತಂದು ನೆಟ್ಟವು. ಹೀಗಾಗಿ ಹೊಂಗೆ, ಹುಣಸೆ, ಹಲಸಿನ ನಡುವೆ ಬೆಳೆದ ನಮಗೆ ಪೈನ್ ಕಾಯಿ ಎಂದರೆ ಪರದೇಶದ ಒಡವೆ.

ಬೆರಗು ನಮ್ಮದು ಮಾತ್ರವಲ್ಲ. ರೋಮಿನ ವ್ಯಾಟಿಕನ್ ಅರಮನೆಯ ಒಂದು ಅಂಗಳದಲ್ಲಿ ಪ್ರಾಚೀನ ರೋಮನ್ನರು ಕಂಚಿನಲ್ಲಿ ಎರಕ ಹೊಯ್ದ, ಸುಮಾರು ನಾಲ್ಕು ಮೀಟರ್ ಎತ್ತರದ ಪೈನ್ ಕಾಯಿ ಇದೆ. ಆ ಅಂಗಳಕ್ಕೆ ಹೆಸರು ಬಂದಿರುವುದೇ ಆ ಕಾಯಿಯಿಂದ.

ಸತ್ತ ಮೇಲೂ ಕೆಲಸ ಮಾಡುವ ಕಾಯಿ

ಕಾಯಿ ಎಂದು ನಾವು ಕರೆದರೂ ಸಸ್ಯಶಾಸ್ತ್ರದ ಪ್ರಕಾರ ಇದು ಕಾಯಿಯಲ್ಲ. ಈ ಬಳಗದ ಮರಗಳು ಹೂ ಬಿಡುವುದಿಲ್ಲ, ಆದ್ದರಿಂದ ಹಣ್ಣೂ ಇಲ್ಲ. ಎಸಳುಗಳ ನಡುವೆ ಬೀಜವನ್ನು ಬಚ್ಚಿಟ್ಟುಕೊಂಡ ಕಟ್ಟಿಗೆಯ ಪೆಟ್ಟಿಗೆ ಇದು. ಶಾಲೆಯ ಪುಸ್ತಕದಲ್ಲಿ 'ಶಂಕು' ಎಂದು ಓದಿದ ನೆನಪಿರಬಹುದು. ಹೆಚ್ಚಿನ ಪೈನ್‌ಗಳಲ್ಲಿ ಹೆಣ್ಣು ಶಂಕು ಬಲಿಯಲು ಸುಮಾರು ಎರಡು ವರ್ಷ ಬೇಕು. ಪ್ರತಿ ಎಸಳಿನ ಬುಡದಲ್ಲಿ ಜೋಡಿ ಬೀಜಗಳು.

ಇದರ ಯಂತ್ರ ಬಹಳ ಸರಳ. ಎಸಳಿನಲ್ಲಿ ಎರಡು ಪದರಗಳಿವೆ. ತೇವ ತಗುಲಿದಾಗ ಹೊರಗಿನ ಪದರ ಹೆಚ್ಚು ಹಿಗ್ಗುತ್ತದೆ, ಒಳಗಿನದು ಅಷ್ಟಾಗಿ ಹಿಗ್ಗುವುದಿಲ್ಲ. ಹೀಗಾಗಿ ಎಸಳು ಒಳಕ್ಕೆ ಬಾಗಿ ಮುಚ್ಚಿಕೊಳ್ಳುತ್ತದೆ. ಒಣಗಿದಾಗ ಮತ್ತೆ ತೆರೆಯುತ್ತದೆ. ಮಳೆಯಲ್ಲಿ ಬೀಜ ಹೊರಬಿದ್ದರೆ ನೆನೆದು ಅಲ್ಲೇ ಬುಡದಲ್ಲಿ ಉದುರುತ್ತದೆ. ಒಣ ಗಾಳಿಯಲ್ಲಿ ಬಿಟ್ಟರೆ ದೂರ ಹಾರುತ್ತದೆ. ಅದಕ್ಕೇ ಈ ಏರ್ಪಾಡು. ಇದರಲ್ಲಿ ಜೀವಂತ ಕೋಶದ ಪಾತ್ರ ಏನೂ ಇಲ್ಲ. ಮರದಿಂದ ಬಿದ್ದು ವರ್ಷಗಳಾದ ಕಾಯಿಯೂ ಹೀಗೇ ಮಾಡುತ್ತದೆ. ನಿಮ್ಮ ಶೋಕೇಸಿನ ಪೈನ್ ಕಾಯಿಯನ್ನು ಒಂದು ಬಟ್ಟಲು ನೀರಿನಲ್ಲಿ ಮುಳುಗಿಸಿಡಿ. ಒಂದೆರಡು ಗಂಟೆಯಲ್ಲಿ ಮುಚ್ಚಿಕೊಳ್ಳುತ್ತದೆ. ಬಿಸಿಲಿಗಿಟ್ಟರೆ ಮತ್ತೆ ಅರಳುತ್ತದೆ. ಮೊಮ್ಮಕ್ಕಳಿಗೆ ಮೊಬೈಲ್ ಮರೆಸಲು ಇದಕ್ಕಿಂತ ಒಳ್ಳೆಯ ಆಟ ನಾನು ಕಂಡಿಲ್ಲ.

ಇನ್ನೊಂದು ಆಟವೂ ಇದೆ. ಕಾಯಿಯ ಬುಡವನ್ನು ಮೇಲೆ ಮಾಡಿ ಹಿಡಿದು, ಬಲಕ್ಕೆ ಸುತ್ತುವ ಸಾಲುಗಳನ್ನೂ ಎಡಕ್ಕೆ ಸುತ್ತುವ ಸಾಲುಗಳನ್ನೂ ಎಣಿಸಿ. ಸಾಮಾನ್ಯವಾಗಿ 8 ಮತ್ತು 13 ಸಿಗುತ್ತವೆ. ಇವು 1, 2, 3, 5, 8, 13 ಎಂದು ಸಾಗುವ ಸರಣಿಯ ಅಂಕೆಗಳು. ಲಘು-ಗುರುಗಳಿಂದ ಇಷ್ಟು ಮಾತ್ರೆಗಳ ಸಾಲನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು ಎಂದು ಲೆಕ್ಕ ಹಾಕುತ್ತ ನಮ್ಮ ಛಂದಸ್ಸಿನ ಪಂಡಿತರಾದ ವಿರಹಾಂಕ, ಹೇಮಚಂದ್ರರು ಇದೇ ಸರಣಿಯನ್ನು ಇಟಲಿಯ ಫಿಬೊನಾಚಿಗಿಂತ ಮೊದಲೇ ಮುಟ್ಟಿದ್ದರು.

ಮೂರು ಕಾಯಿಗಾಗಿ ಪ್ರಾಣ ಪಣ

ಭಾರದಲ್ಲಿ ಕೋಲ್ಟರ್ ಮೊದಲಾದರೆ ಉದ್ದದಲ್ಲಿ ಮೊದಲ ಸ್ಥಾನ ಶುಗರ್ ಪೈನ್‌ನದು. ಸಾಮಾನ್ಯವಾಗಿ 25ರಿಂದ 50 ಸೆಂಟಿಮೀಟರ್ ಉದ್ದ, ಕೆಲವು 60 ದಾಟುವುದೂ ಉಂಟು. ಪೈನ್‌ಗಳಲ್ಲೇ ಅತಿ ಎತ್ತರದ ಮರವೂ ಇದೇ. ಚಾಚಿದ ಕೊಂಬೆಗಳ ತುದಿಯಿಂದ ಈ ಕಾಯಿಗಳು ಗೀಜಗನ ಗೂಡಿನ ಹಾಗೆ ಜೋತಾಡುತ್ತವೆ. ಮರ ಗಾಯಗೊಂಡಾಗ ಒಸರುವ ರಸ ಸಿಹಿಯಾಗಿರುವುದರಿಂದ ಈ ಹೆಸರು.

ಈ ಕಾಯಿಯ ಹುಚ್ಚು ಹಿಡಿದಿದ್ದವನು ಸ್ಕಾಟ್ಲೆಂಡಿನ ಡೇವಿಡ್ ಡಗ್ಲಸ್. ಲಂಡನ್ನಿನ ತೋಟಗಾರಿಕಾ ಸಂಘಕ್ಕಾಗಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೀಜ ಸಂಗ್ರಹಿಸುತ್ತಿದ್ದ. 1825ರಲ್ಲಿ ಅಲ್ಲಿನ ಮೂಲನಿವಾಸಿಯೊಬ್ಬರ ತಂಬಾಕಿನ ಚೀಲದಲ್ಲಿ ಭಾರಿ ಗಾತ್ರದ ಪೈನ್ ಬೀಜಗಳನ್ನು ಕಂಡ. ಆ ಮರವನ್ನು ಹುಡುಕಿಕೊಂಡು ಹೊರಟು ಕೊನೆಗೆ 1826ರ ಅಕ್ಟೋಬರಿನಲ್ಲಿ ಆರಿಗಾನಿನ ಅಂಪ್ಕ್ವಾ ನದಿಯ ಸೀಮೆಯಲ್ಲಿ ಕಂಡುಹಿಡಿದ. ಕಾಯಿಗಳೋ ಮುಗಿಲಿನಲ್ಲಿ. ಹತ್ತಲು ಸಾಧ್ಯವಿಲ್ಲ, ಕಡಿಯಲೂ ಸಾಧ್ಯವಿಲ್ಲ. ಬಂದೂಕಿನಿಂದ ಗುಂಡು ಹೊಡೆದು ಬೀಳಿಸತೊಡಗಿದ. ಸದ್ದಿಗೆ ಬಿಲ್ಲು, ಭರ್ಜಿ ಹಿಡಿದ ಎಂಟು ಜನ ಸ್ಥಳೀಯರು ಬಂದು ಸುತ್ತುವರಿದರು. ಡಗ್ಲಸ್ ಬಂದೂಕು ಏರಿಸಿ ನಿಂತ. ಕೆಲವು ನಿಮಿಷ ಎರಡೂ ಕಡೆ ಮೌನ. ಆಮೇಲೆ ಅವರ ಮುಖಂಡ ತಂಬಾಕು ಬೇಕೆಂದು ಸನ್ನೆ ಮಾಡಿದ. ಕಾಯಿ ತಂದುಕೊಟ್ಟರೆ ಕೊಡುತ್ತೇನೆ ಎಂದು ಇವನೂ ಸನ್ನೆಯಲ್ಲೇ ಹೇಳಿದ. ಅವರು ಕಾಯಿ ಹುಡುಕಲು ಅತ್ತ ಹೋದದ್ದೇ ತಡ, ಕೈಗೆ ಸಿಕ್ಕ ಮೂರು ಕಾಯಿ, ಒಂದಷ್ಟು ರೆಂಬೆ ಎತ್ತಿಕೊಂಡು ಓಟ ಕಿತ್ತ. ಇದನ್ನೆಲ್ಲ ಅವನೇ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. 1834ರಲ್ಲಿ, ಇನ್ನೂ 35ರ ಪ್ರಾಯದಲ್ಲಿ, ಹವಾಯಿ ದ್ವೀಪದಲ್ಲಿ ಕಾಡುದನ ಹಿಡಿಯಲು ತೋಡಿದ ಗುಂಡಿಯಲ್ಲಿ ಅವನ ಶವ ಸಿಕ್ಕಿತು. ಡಗ್ಲಸ್ ಫರ್ ಎಂಬ ಮರಕ್ಕೆ ಇವನದೇ ಹೆಸರು.

ಅತಿ ದೊಡ್ಡ ಮರದ ಕಾಯಿ

ಈಗ ನನ್ನ ಪ್ರಶ್ನೆಗೆ ಬರೋಣ. ಜಗತ್ತಿನ ಅತಿ ಎತ್ತರದ ಮರ ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯ ರೆಡ್‌ವುಡ್. 2006ರಲ್ಲಿ ಗುರುತಿಸಿದ 'ಹೈಪೀರಿಯನ್' ಎಂಬ ಮರದ ಎತ್ತರ ಸುಮಾರು 116 ಮೀಟರ್. ನಮ್ಮ ಕುತುಬ್ ಮಿನಾರ್ 73 ಮೀಟರ್ ಹತ್ತಿರ, ಗೋಲಗುಂಬಜ್ ಸುಮಾರು 51 ಮೀಟರ್. ಜನ ಮುಗಿಬಿದ್ದು ಬೇರಿನ ಸುತ್ತಲಿನ ನೆಲ ತುಳಿದು ಹಾಳು ಮಾಡಿದ್ದರಿಂದ ಈಗ ಆ ಮರದ ಹತ್ತಿರ ಹೋಗುವುದನ್ನೇ ನಿಷೇಧಿಸಿದ್ದಾರೆ; ಹೋದರೆ ದಂಡ, ಜೈಲು ಎರಡೂ ಆಗಬಹುದು. ಇಂಥ ರೆಡ್‌ವುಡ್‌ನ ಕಾಯಿ ಎಷ್ಟು ಗೊತ್ತೇ? ಎರಡು-ಮೂರು ಸೆಂಟಿಮೀಟರ್. ನಮ್ಮ ಬೆಟ್ಟದ ನೆಲ್ಲಿಕಾಯಿಯಷ್ಟು.

ಗಾತ್ರದಲ್ಲಿ ಅತಿ ದೊಡ್ಡದು ಇದರ ದಾಯಾದಿ, ಸಿಯೆರಾ ನೆವಾಡಾ ಪರ್ವತದ ಪಶ್ಚಿಮ ಇಳಿಜಾರಿನಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಜೈಂಟ್ ಸಿಕೋಯಾ. ಮಗಳು, ಅಳಿಯನ ಜೊತೆ ಸಿಕೋಯಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಅಲ್ಲಿನ 'ಜನರಲ್ ಶರ್ಮನ್' ಮರ ನೋಡಿದೆವು. ಎತ್ತರ 83.8 ಮೀಟರ್. ಬುಡದ ಸುತ್ತಳತೆ 31 ಮೀಟರ್, ಅಂದರೆ ಹದಿನೆಂಟು-ಇಪ್ಪತ್ತು ಜನ ಕೈ ಕೈ ಹಿಡಿದು ನಿಂತರೆ ಒಂದು ಸುತ್ತು. ಕಾಂಡವೊಂದರಲ್ಲೇ ಸುಮಾರು 1,487 ಘನ ಮೀಟರ್ ಮರವಿದೆ. ವಯಸ್ಸು ಸುಮಾರು 2,200 ವರ್ಷ ಎಂಬ ಅಂದಾಜು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಕೆತ್ತಿ ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಇದು ಮೊಳಕೆಯೊಡೆದಿರಬೇಕು. ನಮ್ಮ ಯಜಮಾನರು ಕತ್ತೆತ್ತಿ ನೋಡುತ್ತ ಎರಡು ಹೆಜ್ಜೆ, ನಾಲ್ಕು ಹೆಜ್ಜೆ ಹಿಂದೆ ಹಿಂದೆ ಹೋದರು. ತುದಿ ಕಾಣಲಿಲ್ಲ.

ಅದರ ಕಾಯಿ ಕೋಳಿಮೊಟ್ಟೆಯಷ್ಟು. ಬೀಜ ಅವಲಕ್ಕಿಗಿಂತ ಚಿಕ್ಕದು, ತೆಳ್ಳಗಿನದು. ಒಂದು ಕಿಲೋ ತೂಗಬೇಕಾದರೆ ಸುಮಾರು ಎರಡು ಲಕ್ಷ ಬೀಜ ಬೇಕು!

ಯಾರನ್ನು ನಂಬಿದೆ ಎಂಬುದರ ಮೇಲೆ

ಹಾಗಾದರೆ ಕಾಯಿಯ ಗಾತ್ರಕ್ಕೂ ಮರದ ಗಾತ್ರಕ್ಕೂ ಸಂಬಂಧವಿಲ್ಲವೇ? ಓದುತ್ತ ಹೋದಂತೆ ನನಗೆ ತಿಳಿದದ್ದು ಇಷ್ಟು: ಮರ ತನ್ನ ಬೀಜವನ್ನು ಯಾರ ಕೈಗೆ ಒಪ್ಪಿಸುತ್ತದೆ ಎಂಬುದನ್ನು ಕಾಯಿ ಹೇಳುತ್ತದೆ.

ಕೋಲ್ಟರ್ ಪೈನ್ ಬೆಳೆಯುವುದು ಒಣಗಿದ, ಕಲ್ಲು ತುಂಬಿದ ಇಳಿಜಾರಿನಲ್ಲಿ. ಸಸಿಗೆ ಮೊದಲ ಬೇಸಿಗೆ ದಾಟುವುದೇ ಕಷ್ಟ. ಅದಕ್ಕೆ ತಾಯಿಮರ ಬುತ್ತಿ ಕಟ್ಟಿ ಕಳಿಸುತ್ತದೆ. ಬೀಜ ದಪ್ಪ, ತುಂಬ ಎಣ್ಣೆ. ಅಂಥ ಬೀಜ ಅಳಿಲಿಗೂ ಪ್ರಿಯ. ಹಾಗಾಗಿ ದಪ್ಪ ಎಸಳು, ಕೊಕ್ಕೆ, ಅಂಟು ಎಲ್ಲ ಸೇರಿದ ಕೋಟೆಯೇ ಬೇಕು. ಬೀಜಕ್ಕೆ ರೆಕ್ಕೆಯಿದ್ದರೂ ಭಾರಕ್ಕೆ ದೂರ ಹಾರುವುದಿಲ್ಲ. ಇಲಿ, ಅಳಿಲು, ಹಕ್ಕಿಗಳು ಆಮೇಲೆ ತಿನ್ನೋಣವೆಂದು ನೆಲದಲ್ಲಿ ಹೂತು ಮರೆತದ್ದರಲ್ಲಿ ಒಂದಷ್ಟು ಮೊಳೆಯುತ್ತವೆ. ರೆಡ್‌ವುಡ್ ನಂಬಿರುವುದು ಹೆಚ್ಚಾಗಿ ತನ್ನ ಬುಡವನ್ನೇ. ಕಡಿದರೂ ಸುಟ್ಟರೂ ಬಾಳೆಯ ಕಂದಿನಂತೆ ಸುತ್ತ ಚಿಗುರುತ್ತದೆ.

ಸಿಕೋಯಾ ನಂಬಿರುವುದು ಬೆಂಕಿಯನ್ನು. ಅದರ ಕಾಯಿ ಬಲಿತ ಮೇಲೂ ಬೀಳುವುದಿಲ್ಲ. 20 ವರ್ಷದವರೆಗೂ ಹಸಿರಾಗಿ, ಮುಚ್ಚಿಕೊಂಡೇ ಮರದಲ್ಲಿರುತ್ತದೆ. ದೊಡ್ಡ ಮರವೊಂದರಲ್ಲಿ ಇಂಥ ಸಾವಿರಾರು ಕಾಯಿಗಳು. ಕೆಳಗೆ ತರಗೆಲೆಗೆ ಬೆಂಕಿ ಬಿದ್ದು ಬಿಸಿಗಾಳಿ ಮೇಲೇರಿದಾಗ ಕಾಯಿಗಳು ಒಣಗಿ ಬಾಯಿ ಬಿಡುತ್ತವೆ. ತರಗು ಸುಟ್ಟು ಬರಿದಾದ ನೆಲದ ಮೇಲೆ, ಬೂದಿಯ ಮೇಲೆ, ಬೀಜದ ಮಳೆಯಾಗುತ್ತದೆ. ಮರಕ್ಕೇನೂ ಆಗುವುದಿಲ್ಲ, ಅದರ ತೊಗಟೆ ಎರಡು ಅಡಿಯಷ್ಟು ದಪ್ಪ ಇರಬಲ್ಲದು, ಅದರಲ್ಲಿ ಹೊತ್ತಿಕೊಳ್ಳುವ ಅಂಟೂ ಕಡಿಮೆ.

ಇದನ್ನು ತಿಳಿಯದೆ ಅಮೆರಿಕದವರು ಹಲವು ದಶಕ ಕಾಡಿನ ಪ್ರತಿಯೊಂದು ಬೆಂಕಿಯನ್ನೂ ಆರಿಸಿದರು. ಮರ ಉಳಿಸುವ ಒಳ್ಳೆಯ ಉದ್ದೇಶವೇ. 1960ರ ದಶಕದಲ್ಲಿ ರಿಚರ್ಡ್ ಹಾರ್ಟೆಸ್ವೆಲ್ಟ್ ಎಂಬ ಸಂಶೋಧಕರು ತೋಪುಗಳಲ್ಲಿ ಎಳೆಯ ಸಿಕೋಯಾಗಳೇ ಇಲ್ಲವಲ್ಲ ಎಂಬುದಕ್ಕೆ ಕಾರಣ ಹುಡುಕಿ, ಬೆಂಕಿ ಇಲ್ಲದಿರುವುದೇ ಕಾರಣ ಎಂದು ತೋರಿಸಿದರು. ಆಮೇಲೆ ಆ ದಶಕದ ಕೊನೆಗೆ ಉದ್ಯಾನದವರೇ ಲೆಕ್ಕಾಚಾರದಿಂದ ಸಣ್ಣ ಬೆಂಕಿ ಹಾಕುವುದನ್ನು ಶುರು ಮಾಡಿದರು. ಆದರೆ ಎಲ್ಲ ತೋಪುಗಳಿಗೂ ಅದು ಮುಟ್ಟಲಿಲ್ಲ. ಒಟ್ಟಿಕೊಂಡ ಸೌದೆ, ಬರಗಾಲ, ಏರಿದ ಬಿಸಿಲು ಮೂರೂ ಸೇರಿ 2020 ಮತ್ತು 2021ರಲ್ಲಿ ಹೊತ್ತಿದ ಕಾಳ್ಗಿಚ್ಚುಗಳು ಬೇರೆಯೇ ಬಗೆಯವು. ನೆಲದಲ್ಲಿ ಓಡುವ ಬೆಂಕಿಯಲ್ಲ, ಮರದ ನೆತ್ತಿಗೆ ಏರುವ ಬೆಂಕಿ. ಆ ಎರಡು ವರ್ಷಗಳಲ್ಲಿ ಜಗತ್ತಿನ ದೊಡ್ಡ ಸಿಕೋಯಾಗಳಲ್ಲಿ 13ರಿಂದ 19 ಶೇಕಡದಷ್ಟು ಸತ್ತವೆಂಬ ಅಂದಾಜಿದೆ. ಸಾವಿರಾರು ವರ್ಷ ಬೆಂಕಿಯೊಡನೆ ಬಾಳಿದ ಮರಗಳು! 2021ರ ಸೆಪ್ಟೆಂಬರಿನಲ್ಲಿ ಜನರಲ್ ಶರ್ಮನ್‌ನ ಬುಡಕ್ಕೆ ಬೆಂಕಿ ತಡೆಯುವ ಅಲ್ಯೂಮಿನಿಯಂ ಹೊದಿಕೆ ಸುತ್ತಿ ಕಾದರು. ಆ ತೋಪು ಉಳಿಯಲು ಹಿಂದಿನ ವರ್ಷಗಳಲ್ಲಿ ಹಾಕಿದ ಸಣ್ಣ ಬೆಂಕಿಗಳೂ ನೆರವಾದವು.

ನಾವು ಹೋದ ದಾರಿಯಲ್ಲಿ ಆ ಗುರುತುಗಳಿದ್ದವು. ಬೆಟ್ಟದ ಇಳಿಜಾರಿನಲ್ಲಿ ಕಪ್ಪಾದ ಬೋಳು ಕಂಬಗಳು. ತೀರ ಉಗ್ರವಾಗಿ ಸುಟ್ಟ ಕಡೆ ಕಾಯಿಗಳೂ ಬೀಜದ ಸಮೇತ ಬೂದಿಯಾಗಿವೆ. ಅಂಥ ಕೆಲವು ತೋಪುಗಳಲ್ಲಿ ಈಗ ಸಸಿ ನೆಡುವ ಕೆಲಸ ಶುರುವಾಗಿದೆ. ಕಾಡನ್ನು ಅದರ ಪಾಡಿಗೆ ಬಿಡಬೇಕು, ಮನುಷ್ಯ ಕೈ ಹಾಕಬಾರದು ಎಂದು ವಾದಿಸುವವರೂ ಇದ್ದಾರೆ.

ನಮ್ಮ ಹಿಮಾಲಯದ ಲೆಕ್ಕ

ಇದೆಲ್ಲ ಅಮೆರಿಕದ ಕಥೆ, ನಮಗೇನು ಎನ್ನುವ ಹಾಗಿಲ್ಲ. ದೆಹಲಿಯ ಖಾರಿ ಬಾವಲಿಯ ಒಣಹಣ್ಣಿನ ಅಂಗಡಿಗಳಲ್ಲಿ ಬಾದಾಮಿ, ಗೋಡಂಬಿಗಿಂತ ಎಷ್ಟೋ ಪಟ್ಟು ದುಬಾರಿಯಾದ, ಉದ್ದನೆಯ ಕಂದು ಸಿಪ್ಪೆಯ ಬೀಜವೊಂದು ಸಿಗುತ್ತದಲ್ಲ, ಚಿಲ್ಗೋಜಾ? ಅದು ಪೈನ್ ಬೀಜ. ಆ ಮರ ಬೆಳೆಯುವುದು ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ನಮ್ಮ ವಾಯವ್ಯ ಹಿಮಾಲಯದಲ್ಲಿ. ನಮ್ಮಲ್ಲಿ ಮುಖ್ಯವಾಗಿ ಹಿಮಾಚಲದ ಕಿನ್ನೌರ್ ಜಿಲ್ಲೆಯಲ್ಲಿ. ಅಲ್ಲಿನವರು ನ್ಯೋಜಾ ಎನ್ನುತ್ತಾರೆ. ಮದುವೆಯಲ್ಲಿ, ಅತಿಥಿಗಳಿಗೆ ಇದರ ಬೀಜ ಪೋಣಿಸಿದ ಹಾರ ಹಾಕುವ ಪದ್ಧತಿಯಿದೆ.

ಕೆಲವು ವರ್ಷಗಳ ಹಿಂದೆ ಅಕ್ಟೋಬರಿನಲ್ಲಿ ಕಲ್ಪಾಕ್ಕೆ ಹೋಗಿದ್ದಾಗ ಸುಗ್ಗಿ ನಡೆದಿತ್ತು. ಕಾಯಿ ಬಾಯಿ ಬಿಡುವ ಮೊದಲೇ ಕೊಕ್ಕೆ ಕಟ್ಟಿದ ಉದ್ದನೆಯ ಕೋಲಿನಿಂದ ಕಿತ್ತು, ಅಂಗಳದಲ್ಲಿ ರಾಶಿ ಹಾಕಿ ಒಣಗಿಸಿ, ಬಡಿದು ಬೀಜ ಬಿಡಿಸುತ್ತಾರೆ. ಕಾಯಿ ನಮ್ಮ ಗೇಣಿಗಿಂತ ಚಿಕ್ಕದು. ಮರದ ತೊಗಟೆ ಮಾತ್ರ ನೋಡಬೇಕು, ಬೂದು, ಹಸಿರು, ಕಂದು ತೇಪೆಗಳು, ಸೈನಿಕರ ಸಮವಸ್ತ್ರದ ಹಾಗೆ. ಅವಸರದಲ್ಲಿ ಕೋಲಿಗೆ ಕಾಯಿಯ ಜೊತೆ ಕೊಂಬೆಯೂ ಮುರಿದು ಬರುತ್ತದೆ. ಮುರಿದ ಕೊಂಬೆಯಲ್ಲಿ ಮುಂದಿನ ವರ್ಷದ ಎಳೆಗಾಯಿಯೂ ಇರುತ್ತದೆ. ನಾವು ಉಳಿದುಕೊಂಡಿದ್ದ ಮನೆಯೊಡತಿಯನ್ನು ಒಂದಷ್ಟು ಕಾಯಿ ಮರದಲ್ಲೇ ಬಿಡಬಾರದೇ ಎಂದು ಕೇಳಿದೆ. ಇವರು ಬಿಟ್ಟರೆ ಇನ್ನೊಬ್ಬರು ಕೀಳುತ್ತಾರೆ, ಈ ದುಡ್ಡಿನಲ್ಲೇ ಮಕ್ಕಳ ಫೀಜು ಎಂದರು. ಅವರ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಚಿಲ್ಗೋಜಾ ಬೀಜಕ್ಕೆ ಹಾರುವ ರೆಕ್ಕೆ ಇಲ್ಲವೆಂದೇ ಹೇಳಬೇಕು. ಬಿದ್ದ ಬೀಜ, ಹಕ್ಕಿ-ಪ್ರಾಣಿ ಹೂತಿಟ್ಟ ಬೀಜ, ಇಷ್ಟರಿಂದಲೇ ಹೊಸ ಮರ ಬರಬೇಕು. ಎಲ್ಲ ಕಾಯಿಯೂ ಚೀಲ ಸೇರಿದರೆ ನೆಲಕ್ಕೆ ಉಳಿಯುವುದೇನು? ಮೊಳೆತ ಅಲ್ಪಸ್ವಲ್ಪವನ್ನು ಕುರಿ, ಮೇಕೆ ಮೇಯುತ್ತವೆ. ಕಿನ್ನೌರಿನ ಚಿಲ್ಗೋಜಾ ಕಾಡುಗಳಲ್ಲಿ ಮುದಿ ಮರಗಳೇ ಹೆಚ್ಚು, ಎಳೆಯವು ಕಡಿಮೆ ಎಂದು ಅರಣ್ಯ ವಿಜ್ಞಾನಿಗಳು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಅಲ್ಲಿ ಬೆಂಕಿ ಸಿಗದೆ ಸಸಿ ಇಲ್ಲ. ಇಲ್ಲಿ ಕಾಯಿಯೇ ಉಳಿಯದೆ ಸಸಿ ಇಲ್ಲ. ಮೇಲುನೋಟಕ್ಕೆ ಎರಡು ಕಾಡೂ ಭವ್ಯವಾಗಿಯೇ ಕಾಣುತ್ತವೆ. ಮುದಿ ಮರಗಳ ಕೆಳಗೆ ಬಗ್ಗಿ ನೋಡಿದರೆ ಮಾತ್ರ ವಿಷಯ ತಿಳಿಯುತ್ತದೆ.

ನೋಡಬೇಕೆನಿಸಿದರೆ

ಕ್ಯಾಲಿಫೋರ್ನಿಯಾಕ್ಕೇ ಹೋಗಬೇಕೆಂದಿಲ್ಲ. ದೆಹಲಿಯವರು ಶಿಮ್ಲಾ ದಾಟಿ ನಾರ್ಕಂಡಾ ಕಡೆ ಹೋದರೆ ಕೈಲ್ ಪೈನ್ ಸಿಗುತ್ತದೆ. ಒಂದು ಗೇಣಿಗೂ ಉದ್ದವಾಗಬಲ್ಲ, ಬಾಳೆಕಾಯಿಯಂತೆ ತುಸು ಬಾಗಿದ ಕಾಯಿ ಅದರದು. ದೇವದಾರುವಿನ ಕಾಯಿ ಕೆಳಗೆ ಜೋತುಬೀಳದೆ ಕೊಂಬೆಯ ಮೇಲೆ ಪೀಪಾಯಿಯ ಹಾಗೆ ನೆಟ್ಟಗೆ ಕೂತಿರುತ್ತದೆ. ಅದು ಇಡಿಯಾಗಿ ಬೀಳುವುದಿಲ್ಲ, ಮರದ ಮೇಲೇ ಎಸಳೆಸಳಾಗಿ ಉದುರುತ್ತದೆ. ತುದಿಯ ಭಾಗ ಮಾತ್ರ ಒಟ್ಟಿಗೆ ಬಿದ್ದು, ಮರದಲ್ಲಿ ಕೆತ್ತಿದ ಗುಲಾಬಿಯಂತೆ ಕಾಣುತ್ತದೆ. ರಜೆಗೆ ಬೆಂಗಳೂರಿಗೆ ಹೋದಾಗ ಲಾಲ್‌ಬಾಗಿನ ಅರೌಕೇರಿಯಾ ಮರಗಳನ್ನು ನೋಡಿ. ಅವುಗಳಲ್ಲಿ ನ್ಯೂ ಕ್ಯಾಲಿಡೋನಿಯಾ ದ್ವೀಪದ ಕುಕ್ ಪೈನ್‌ಗೆ ಒಂದು ವಿಚಿತ್ರ ಗುಣವಿದೆ. ಅದು ಭೂಮಧ್ಯರೇಖೆಯ ಕಡೆಗೆ ವಾಲುತ್ತದೆ, ನಮ್ಮ ಗೋಳಾರ್ಧದಲ್ಲಾದರೆ ದಕ್ಷಿಣಕ್ಕೆ. ಜಗತ್ತಿನ ಬೇರೆ ಬೇರೆ ಕಡೆಯ ಮರಗಳನ್ನು ಅಳೆದು 2017ರಲ್ಲಿ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು.

ಕಾಯಿ ತರುವ ಬಗ್ಗೆ ಒಂದೆರಡು ಮಾತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಬಿದ್ದ ಕಾಯಿಯನ್ನೂ ಒಯ್ಯುವಂತಿಲ್ಲ. ಬೀಜವಿರುವ ಕಾಯಿಯನ್ನು ಸೂಟ್‌ಕೇಸಿನಲ್ಲಿ ಭಾರತಕ್ಕೆ ತರುವುದಕ್ಕೂ ನಮ್ಮ ಸಸ್ಯ ಸಂಪರ್ಕನಿಷೇಧದ ನಿಯಮಗಳು ಅಡ್ಡಿ ಬರುತ್ತವೆ. ಅದು ಸುಮ್ಮನೆ ಮಾಡಿದ ಕಾನೂನಲ್ಲ. ಶುಗರ್ ಪೈನ್‌ಗಳನ್ನು ಇಂದಿಗೂ ಕೊಲ್ಲುತ್ತಿರುವ ಒಂದು ಶಿಲೀಂಧ್ರ ರೋಗ 1910ರಲ್ಲಿ ಅಮೆರಿಕ ಖಂಡದ ಪಶ್ಚಿಮಕ್ಕೆ ಬಂದದ್ದು ಯುರೋಪಿನಿಂದ ತರಿಸಿದ ಸಸಿಗಳ ಜೊತೆ. ನಮ್ಮ ಬೆಟ್ಟಗಳಲ್ಲಾದರೆ ರಸ್ತೆಬದಿಯಲ್ಲಿ ಬಿದ್ದ, ಬೀಜ ಉದುರಿ ಹೋದ ಹಳೆಯ ಕಾಯಿ ಸಾಕು. ಮುಚ್ಚಿಕೊಂಡ ಹಸಿ ಕಾಯಿಯನ್ನು ಮರದಿಂದ ಕೀಳಬೇಡಿ, ಕಿತ್ತು ಮಾರುವವರಿಂದ ಅಲಂಕಾರಕ್ಕೆಂದು ಕೊಳ್ಳಲೂ ಬೇಡಿ. ಅದರೊಳಗೆ ಬೀಜ ಇನ್ನೂ ಇರುತ್ತದೆ.